ಅಪ್‌ಡೇಟ್ ಕಂಪನಿಯದು, ನಷ್ಟ ಬಳಕೆದಾರನದು

2020ರ ಆಗಸ್ಟ್ ತಿಂಗಳಲ್ಲಿ ಅಡೋಬಿ ಸಂಸ್ಥೆಯು ಐಫೋನ್ ಮತ್ತು ಐಪ್ಯಾಡ್‌ಗಳಿಗಾಗಿ ತನ್ನ ಲೈಟ್‌ರೂಮ್ ತಂತ್ರಾಂಶದ 5.4ನೇ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದನ್ನು ಅಳವಡಿಸಿಕೊಂಡ ಹಲವರ ಛಾಯಾಚಿತ್ರಗಳು ತಂತ್ರಾಂಶದೊಳಗಿಂದ ಮಾಯವಾದವು. ವರ್ಷಗಟ್ಟಲೆ ಕುಳಿತು ತಿದ್ದಿದ ಚಿತ್ರಗಳು, ಹಣ ಕೊಟ್ಟು ಕೊಂಡಿದ್ದ ಪ್ರೀಸೆಟ್‌ಗಳು, ಅಂದರೆ ಬಣ್ಣ-ಬೆಳಕಿನ ಸಿದ್ಧ ಸೂತ್ರಗಳು, ಒಂದೇ ಏಟಿಗೆ ಅಳಿಸಿಹೋದವು. ದಿನ ಕಳೆಯುವುದರೊಳಗೆ ದೂರುಗಳ ಮಹಾಪೂರ ಹರಿಯಿತು. ಸಂಸ್ಥೆ ಕ್ಷಮೆ ಕೇಳಿತು, 5.4.1 ಎಂಬ ತಿದ್ದುಪಡಿಯನ್ನೂ ಹೊರತಂದಿತು. ಆದರೆ ಆ ತಿದ್ದುಪಡಿ ಮುಂದೆ ಆಗಬಹುದಾಗಿದ್ದ ಹಾನಿಯನ್ನಷ್ಟೇ ತಡೆಯಿತು. ಆಗಲೇ ಕಳೆದುಹೋದ ಚಿತ್ರಗಳನ್ನು ಮರಳಿ ತರಲು ಸಾಧ್ಯವಿಲ್ಲ ಎಂದು ಸಂಸ್ಥೆಯೇ ಒಪ್ಪಿಕೊಂಡಿತು.

ಹಾನಿಗೆ ಒಳಗಾದವರು ಯಾರು ಎಂಬುದು ಇಲ್ಲಿ ಮುಖ್ಯ. ಚಂದಾ ಕಟ್ಟಿ, ಚಿತ್ರಗಳನ್ನೆಲ್ಲ ಅಡೋಬಿಯ ಕ್ಲೌಡ್‌ಗೆ ಏರಿಸಿದ್ದವರಿಗೆ ಏನೂ ಆಗಲಿಲ್ಲ. ಚಂದಾ ಇಲ್ಲದೆ ಉಚಿತವಾಗಿ ಬಳಸುತ್ತಿದ್ದವರು ಮತ್ತು ಚಂದಾ ಇದ್ದೂ ಚಿತ್ರಗಳನ್ನು ಇನ್ನೂ ಕ್ಲೌಡ್‌ಗೆ ಏರಿಸದವರು ನಷ್ಟ ಅನುಭವಿಸಿದರು. ಇಡೀ ಫೋನಿನ ಪ್ರತಿಯನ್ನು ಮೊದಲೇ ಬೇರೆಡೆ ತೆಗೆದಿಟ್ಟಿದ್ದ ಕೆಲವರಿಗೆ ಮಾತ್ರ ಚಿತ್ರಗಳನ್ನು ಮರಳಿ ಪಡೆಯುವ ಆಶೆ ಉಳಿಯಿತು.

ಇದು ಅಪವಾದವೇನಲ್ಲ. 2015ರ ಅಕ್ಟೋಬರ್‌ನಲ್ಲಿ ಇದೇ ಲೈಟ್‌ರೂಮ್‌ನ ಗಣಕಯಂತ್ರದ ಆವೃತ್ತಿ 6.2 ಬಂದಾಗ, ಕ್ಯಾಮೆರಾದಿಂದ ಚಿತ್ರಗಳನ್ನು ಇಳಿಸಿಕೊಳ್ಳುವ ಪರದೆಯನ್ನೇ ಬದಲಿಸಲಾಗಿತ್ತು. ಹಳೆಯ ಸೌಲಭ್ಯಗಳಲ್ಲಿ ಕೆಲವನ್ನು ಕಿತ್ತುಹಾಕಲಾಗಿತ್ತು. ಸಾಲದೆಂಬಂತೆ ತಂತ್ರಾಂಶ ಪದೇಪದೇ ಕುಸಿದು ಬೀಳತೊಡಗಿತು. ಅದೇ ವಾರದಲ್ಲಿ ಸಂಸ್ಥೆ ಬಹಿರಂಗ ಕ್ಷಮೆ ಯಾಚಿಸಿತು. ಮರುತಿಂಗಳು ಬಂದ 6.3ನೇ ಆವೃತ್ತಿಯಲ್ಲಿ ಹಳೆಯ ಪರದೆಯನ್ನೇ ಮರಳಿ ಸ್ಥಾಪಿಸಿತು. 2016ರ ಫೆಬ್ರುವರಿಯಲ್ಲಿ ನಡೆದದ್ದು ಇನ್ನೂ ವಿಚಿತ್ರ. ಮ್ಯಾಕ್ ಗಣಕಯಂತ್ರಗಳಿಗೆ ಬಂದ ಕ್ರಿಯೇಟಿವ್ ಕ್ಲೌಡ್ ಅಪ್‌ಡೇಟ್ ಒಂದು, ಡಿಸ್ಕ್‌ನ ಮೂಲದಲ್ಲಿ ಅಕ್ಷರಾನುಕ್ರಮದಲ್ಲಿ ಮೊದಲು ಬರುವ ಫೋಲ್ಡರಿನಲ್ಲಿದ್ದುದನ್ನು ಹೇಳದೆ ಕೇಳದೆ ಅಳಿಸಿಹಾಕುತ್ತಿತ್ತು. ಬ್ಯಾಕ್‌ಬ್ಲೇಜ್ ಎಂಬ ಬ್ಯಾಕಪ್ ಸೇವೆಯ ಗ್ರಾಹಕರ ಯಂತ್ರಗಳಲ್ಲಿ ಆ ಮೊದಲ ಸ್ಥಾನದಲ್ಲಿದ್ದದ್ದು ಅದೇ ಸೇವೆಯ ಅಡಗಿದ ಫೋಲ್ಡರ್! ಕಡತಗಳನ್ನು ಕಾಪಾಡಬೇಕಾದ ವ್ಯವಸ್ಥೆಯೇ ಮೊದಲ ಬಲಿಯಾಯಿತು. ಅಡೋಬಿ ಆ ಆವೃತ್ತಿಯ ವಿತರಣೆಯನ್ನು ನಿಲ್ಲಿಸಿ ಸರಿಪಡಿಸಿದ ಆವೃತ್ತಿಯನ್ನು ಕೊಟ್ಟಿತು.

ಮೂರೂ ಪ್ರಕರಣಗಳಲ್ಲಿ ಒಂದು ಸಾಮ್ಯವಿದೆ. ತಪ್ಪು ಮಾಡಿದ್ದು ತಯಾರಕ ಸಂಸ್ಥೆ. ಅದನ್ನು ಮೊದಲು ಕಂಡುಹಿಡಿದದ್ದು, ಅದರ ಬೆಲೆಯನ್ನು ತೆತ್ತದ್ದು ಬಳಕೆದಾರ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಪದ್ಧತಿ ಹೇಗೆ ಬೇರೂರಿತು?

ಡಬ್ಬಿಯಿಂದ ಬಾಡಿಗೆಗೆ

ಒಂದು ಕಾಲವಿತ್ತು. ಫೋಟೊಶಾಪ್ ಡಬ್ಬಿಯಲ್ಲಿ ಬರುತ್ತಿತ್ತು. ಒಮ್ಮೆ ಹಣ ಕೊಟ್ಟು ಸಿ.ಡಿ. ಕೊಂಡರೆ ಅದು ನಮ್ಮದೇ. ಮುಂದಿನ ಆವೃತ್ತಿ ಬೇಕೆನಿಸಿದರೆ ಕೊಳ್ಳಬಹುದಿತ್ತು, ಬೇಡವೆನಿಸಿದರೆ ಹಳೆಯದರಲ್ಲೇ ದಿನ ದೂಡಬಹುದಿತ್ತು. 2013ರ ಮೇ ತಿಂಗಳಲ್ಲಿ ಅಡೋಬಿ ಈ ಪದ್ಧತಿಗೆ ತೆರೆ ಎಳೆಯಿತು. 2012ರಲ್ಲಿ ಬಂದ ಕ್ರಿಯೇಟಿವ್ ಸೂಟ್ 6 ಕೊನೆಯ ಡಬ್ಬಿಯಾಯಿತು. ಮುಂದಿನ ಆವೃತ್ತಿಗಳೆಲ್ಲ ಚಂದಾದಾರರಿಗೆ ಮಾತ್ರ ಎಂದು ಸಂಸ್ಥೆ ಸಾರಿತು.

ಈ ಬದಲಾವಣೆಯಲ್ಲಿ ಬಳಕೆದಾರನಿಗೆ ಲಾಭವೇ ಆಗಿಲ್ಲ ಎನ್ನಲಾಗದು. ದೊಡ್ಡ ಮೊತ್ತವನ್ನು ಒಮ್ಮೆಗೇ ಹೊಂದಿಸುವ ಕಷ್ಟ ತಪ್ಪಿತು, ಹೊಸ ಸೌಲಭ್ಯಗಳು ಬೇಗನೆ ಕೈಸೇರಿದವು. ಆದರೆ ಮಾಲೀಕನಾಗಿದ್ದವನು ಬಾಡಿಗೆದಾರನಾದ. ಬಾಡಿಗೆ ಮನೆಯ ಗೋಡೆಯನ್ನು ಯಾವಾಗ ಒಡೆಯಬೇಕು, ಯಾವ ಬಣ್ಣ ಬಳಿಯಬೇಕು ಎಂಬುದನ್ನು ತೀರ್ಮಾನಿಸುವವನು ಮನೆಯ ಯಜಮಾನ. 2019ರ ಮೇ ತಿಂಗಳಲ್ಲಿ ಅಡೋಬಿ ಮತ್ತೊಂದು ಹೆಜ್ಜೆ ಮುಂದೆ ಹೋಯಿತು. ಚಂದಾದಾರರು ಇತ್ತೀಚಿನ ಎರಡು ಪ್ರಮುಖ ಆವೃತ್ತಿಗಳನ್ನು ಮಾತ್ರ ಇಳಿಸಿಕೊಳ್ಳಬಹುದು ಎಂದಿತು. ಅಧಿಕಾರವಿಲ್ಲದ ಹಳೆಯ ಆವೃತ್ತಿಗಳನ್ನು ಬಳಸುತ್ತಾ ಹೋದರೆ ಅನ್ಯ ಸಂಸ್ಥೆಗಳಿಂದ ಹಕ್ಕುಸ್ವಾಮ್ಯದ ದಾವೆ ಎದುರಾಗಬಹುದು ಎಂಬ ಎಚ್ಚರಿಕೆಯ ಪತ್ರಗಳೂ ಕೆಲವು ಗ್ರಾಹಕರಿಗೆ ತಲುಪಿದವು. ಹಿಂದಕ್ಕೆ ಹೋಗುವ ದಾರಿ ಹೀಗೆ ಕಿರಿದಾಗುತ್ತಾ ಬಂತು.

ಕೆಡುವುದೇಕೆ?

ಅಪ್‌ಡೇಟ್ ಆದ ಮರುಗಳಿಗೆಯಲ್ಲಿ ತಂತ್ರಾಂಶ ಮುಗ್ಗರಿಸಲು ಬಹುತೇಕ ಮೂರು ಕಾರಣಗಳಿರುತ್ತವೆ. ಮೊದಲನೆಯದು, ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೊತ್ತು ತಂದ ಆಯ್ಕೆಗಳ ಕಡತ. ಅದರಲ್ಲಿ ಒಂದು ಸಾಲು ಹಾಳಾಗಿದ್ದರೂ ಹೊಸ ತಂತ್ರಾಂಶ ತೆರೆಯುವಾಗಲೇ ಕುಸಿಯಬಹುದು. ಎರಡನೆಯದು ಗ್ರಾಫಿಕ್ಸ್ ಕಾರ್ಡ್. ಇಂದಿನ ಚಿತ್ರ ತಿದ್ದುವ ತಂತ್ರಾಂಶಗಳು ಭಾರದ ಲೆಕ್ಕಾಚಾರವನ್ನು ಆ ಕಾರ್ಡಿಗೆ ವಹಿಸುತ್ತವೆ. ಕಾರ್ಡನ್ನು ನಡೆಸುವ ಡ್ರೈವರ್ ಹಳೆಯದಾಗಿದ್ದು ತಂತ್ರಾಂಶ ಮಾತ್ರ ಹೊಸದಾದರೆ ಇಬ್ಬರ ಭಾಷೆ ಹೊಂದುವುದಿಲ್ಲ. ಪರದೆ ಕಪ್ಪಾಗುವುದು, ಕುಂಚ ಎಳೆದಲ್ಲಿ ಗೆರೆ ಮೂಡದಿರುವುದು ಇದರ ಲಕ್ಷಣ. ಮೂರನೆಯದು, ಬೇರೆ ಕಂಪನಿಗಳಿಂದ ತಂದು ಸೇರಿಸಿದ ಪ್ಲಗ್‌ಇನ್‌ಗಳು. 2021ರ ಮಾರ್ಚ್‌ನಲ್ಲಿ ಆ್ಯಪಲ್‌ನ ಹೊಸ ಚಿಪ್‌ಗಳಿಗೆಂದೇ ಸಿದ್ಧವಾದ ಫೋಟೊಶಾಪ್ ಬಂದಾಗ, ಇಂಟೆಲ್ ಕಾಲದ ಹಲವು ಪ್ಲಗ್‌ಇನ್‌ಗಳು ಅದರಲ್ಲಿ ಓಡದೆ ಹೋದದ್ದು ಇದಕ್ಕೆ ನಿದರ್ಶನ.

ಆದ್ದರಿಂದ ಗಾಬರಿಯಲ್ಲಿ ಎಲ್ಲವನ್ನೂ ಕಿತ್ತು ಮತ್ತೆ ಅಳವಡಿಸುವುದಕ್ಕಿಂತ ಕ್ರಮವಾಗಿ ಪರೀಕ್ಷಿಸುವುದು ಮೇಲು. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಹಾಗಾದಾಗ ಮಾತ್ರ ದೋಷ ಎಲ್ಲಿದೆಯೆಂದು ತಿಳಿಯುತ್ತದೆ.

ಮೊದಲು ಪ್ಲಗ್‌ಇನ್‌ಗಳು. ಫೋಟೊಶಾಪ್ ತೆರೆಯುವಾಗ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದರೆ, ಹೊರಗಿನ ಪ್ಲಗ್‌ಇನ್‌ಗಳನ್ನು ಬಿಟ್ಟು ತೆರೆಯಬೇಕೇ ಎಂದು ಅದೇ ಕೇಳುತ್ತದೆ. ಆಗ ಸರಿಯಾಗಿ ನಡೆದರೆ ಅಪರಾಧಿ ಸಿಕ್ಕಂತೆ. ಎರಡನೆಯದಾಗಿ, ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಬಳಕೆಯ ಗುರುತನ್ನು ತೆಗೆದು, ತಂತ್ರಾಂಶವನ್ನು ಮುಚ್ಚಿ ತೆರೆಯಬೇಕು. ತೊಂದರೆ ನಿಂತರೆ ಕಾರ್ಡ್ ತಯಾರಕರ ತಾಣದಿಂದಲೇ ಹೊಸ ಡ್ರೈವರ್ ತಂದುಕೊಂಡು, ಆ ಗುರುತನ್ನು ಮತ್ತೆ ಹಾಕಬೇಕು. ಮೂರನೆಯದು, ಆಯ್ಕೆಗಳ ಕಡತವನ್ನು ಹೊಸದಾಗಿಸುವುದು. ವಿಂಡೋಸ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ, ಮ್ಯಾಕ್‌ನಲ್ಲಿ ಕಮಾಂಡ್, ಆಪ್ಷನ್, ಶಿಫ್ಟ್ ಮೂರನ್ನೂ ಒಟ್ಟಿಗೆ ಹಿಡಿದು ಫೋಟೊಶಾಪ್ ತೆರೆದರೆ ಅದಕ್ಕೆ ಅವಕಾಶ ದೊರೆಯುತ್ತದೆ. ಇದನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ. ಬಣ್ಣದ ಹೊಂದಾಣಿಕೆ, ಕೀಲಿಮಣೆಯ ಸ್ವಂತ ಏರ್ಪಾಡುಗಳೆಲ್ಲ ಇದರಿಂದ ಮೊದಲ ಸ್ಥಿತಿಗೆ ಮರಳುತ್ತವೆ. ಸ್ವಂತ ಆ್ಯಕ್ಷನ್‌ಗಳನ್ನೂ ಬ್ರಷ್‌ಗಳನ್ನೂ ಮುಂಚಿತವಾಗಿ ಪ್ರತ್ಯೇಕ ಕಡತಗಳಾಗಿ ಉಳಿಸಿಕೊಳ್ಳದೆ ಇದಕ್ಕೆ ಕೈಹಾಕಬಾರದು.

ಕನ್ನಡದಲ್ಲಿ ಕೆಲಸ ಮಾಡುವವರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಫೋಟೊಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡಬೇಕಾದರೆ ಅಕ್ಷರ ಜೋಡಣೆಗೆ ವರ್ಲ್ಡ್-ರೆಡಿ ಲೇಔಟ್ ಎಂಬ ಆಯ್ಕೆ ಇರಬೇಕು. ಲ್ಯಾಟಿನ್ ಮತ್ತು ಪೂರ್ವ ಏಷ್ಯಾದ ಲಿಪಿಗಳ ಆಯ್ಕೆಗೆ ಅದು ಮರಳಿತೆಂದರೆ ಒತ್ತಕ್ಷರಗಳು ಕಳಚಿಕೊಂಡು ಪಕ್ಕಕ್ಕೆ ಬೀಳುತ್ತವೆ. ಮದುವೆಯ ಆಲ್ಬಮ್‌ನ ಮೇಲಿನ ಹೆಸರು, ಅಂಗಡಿಯ ಫ್ಲೆಕ್ಸ್ ಮೇಲಿನ ಒಕ್ಕಣೆ ಓದಲಾಗದಂತೆ ಚೆದುರುತ್ತದೆ. ಫಾಂಟ್ ಕೆಟ್ಟಿದೆಯೆಂದು ಶಂಕಿಸಿ ಫಾಂಟ್‌ಗಳನ್ನೇ ಬದಲಿಸುತ್ತ ಕೂರುವ ಬದಲು, ಪ್ರಿಫರೆನ್ಸಸ್‌ನ ಟೈಪ್ ವಿಭಾಗವನ್ನೂ ಪ್ಯಾರಾಗ್ರಾಫ್ ಪಟ್ಟಿಯ ಮೆನುವನ್ನೂ ಮೊದಲು ನೋಡುವುದು ಒಳಿತು.

ಹಿಂದಿನ ಆವೃತ್ತಿಗೆ ದಾರಿ

ಈ ಮೂರರಿಂದಲೂ ಫಲ ಸಿಗದಿದ್ದರೆ ಹಿಂದಿನ ಆವೃತ್ತಿಗೆ ಮರಳುವುದೊಂದೇ ಉಳಿದ ದಾರಿ. ಕ್ರಿಯೇಟಿವ್ ಕ್ಲೌಡ್‌ನಲ್ಲಿ ತಂತ್ರಾಂಶದ ಹೆಸರಿನ ಪಕ್ಕದ ಮೆನುವಿನಲ್ಲಿ ಇತರ ಆವೃತ್ತಿಗಳು ಎಂಬರ್ಥದ ಸಾಲು ಇರುತ್ತದೆ. ಅಲ್ಲಿಂದ ಹಳೆಯದನ್ನು ಇಳಿಸಿಕೊಳ್ಳಬಹುದು. ಅದಕ್ಕಿಂತ ಜಾಣತನವೆಂದರೆ ಹೊಸದನ್ನು ಅಳವಡಿಸುವಾಗಲೇ ಹಳೆಯದನ್ನು ತೆಗೆದುಹಾಕುವ ಆಯ್ಕೆಯ ಗುರುತನ್ನು ತೆಗೆದಿರುವುದು. ಎರಡು ಪ್ರಮುಖ ಆವೃತ್ತಿಗಳು ಒಂದೇ ಯಂತ್ರದಲ್ಲಿ ತಂಟೆಯಿಲ್ಲದೆ ಇರಬಲ್ಲವು. ತಾನಾಗಿ ಅಪ್‌ಡೇಟ್ ಆಗುವ ವ್ಯವಸ್ಥೆಯನ್ನು ನಿಲ್ಲಿಸಿಡುವುದೂ ಸಾಧ್ಯ.

ಆದರೆ ತಂತ್ರಾಂಶ ಹಿಂದಕ್ಕೆ ಹೋದರೂ ಕೆಲಸ ಹಿಂದಕ್ಕೆ ಬಾರದಿರಬಹುದು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರಗಳ ತಿದ್ದುಪಡಿಗಳೆಲ್ಲ ಕ್ಯಾಟಲಾಗ್ ಎಂಬ ದಫ್ತರಿನಲ್ಲಿ ದಾಖಲಾಗಿರುತ್ತವೆ. ಹೊಸ ಪ್ರಮುಖ ಆವೃತ್ತಿಯು ಆ ದಫ್ತರಿನ ಹೊಸ ಪ್ರತಿಯನ್ನು ಮಾಡಿಕೊಂಡು ಅದರಲ್ಲಿ ಬರೆಯತೊಡಗುತ್ತದೆ. ಹೊಸ ಪ್ರತಿಯನ್ನು ಹಳೆಯ ತಂತ್ರಾಂಶ ಓದಲಾರದು. ಹಳೆಯ ಪ್ರತಿಯಲ್ಲಿ ಅಪ್‌ಡೇಟ್ ಆದ ನಂತರದ ದಿನಗಳ ಕೆಲಸ ಇರುವುದಿಲ್ಲ. ಜೊತೆಗೆ, ಕ್ಯಾಟಲಾಗ್‌ನ ಪ್ರತಿ ಇದ್ದರೆ ಚಿತ್ರಗಳ ಪ್ರತಿಯೂ ಇದೆ ಎಂದು ಭಾವಿಸುವುದು ದೊಡ್ಡ ಭ್ರಮೆ. ದಫ್ತರಿನಲ್ಲಿ ಇರುವುದು ಚಿತ್ರಗಳ ವಿಳಾಸ ಮತ್ತು ತಿದ್ದುಪಡಿಯ ವಿವರ. ಮೂಲ ಚಿತ್ರಗಳಿಗೆ ಬೇರೆಯೇ ಬ್ಯಾಕಪ್ ಬೇಕು.

ಸ್ಟುಡಿಯೋ ನಡೆಸುವವರಿಗೆ ಇದರಿಂದ ಒಂದು ಸರಳ ನಿಯಮ ಹೊರಡುತ್ತದೆ. ಮದುವೆಯ ಹಂಗಾಮು ಮುಗಿಯುವ ತನಕ, ಕೈಯಲ್ಲಿರುವ ಕೆಲಸ ಗ್ರಾಹಕರ ಕೈಸೇರುವ ತನಕ, ಪ್ರಮುಖ ಅಪ್‌ಡೇಟ್‌ಗೆ ಹೋಗಬಾರದು. ಹೋಗುವ ದಿನ ಮೂಲ ಚಿತ್ರಗಳ ಪ್ರತಿಯೊಂದು ಯಂತ್ರದಿಂದ ಕಳಚಿಟ್ಟ ಡಿಸ್ಕ್‌ನಲ್ಲಿರಬೇಕು. ತಾಳಿ ಕಟ್ಟುವ ಗಳಿಗೆಯನ್ನು ಯಾವ ತಂತ್ರಾಂಶವೂ ಮತ್ತೊಮ್ಮೆ ಸೆರೆಹಿಡಿದುಕೊಡಲಾರದು.

ಅಪ್‌ಡೇಟ್ ಬೇಡವೇ?

ಹಾಗಿದ್ದರೆ ಅಪ್‌ಡೇಟ್ ಗೊಡವೆಯೇ ಬೇಡ ಎನ್ನಬಹುದೇ? ಸಲ್ಲದು. ಚಿತ್ರದ ಕಡತವನ್ನು ತೆರೆದಾಕ್ಷಣ ದುರುದ್ದೇಶದ ಸಂಕೇತಗಳು ಯಂತ್ರದೊಳಗೆ ನುಸುಳಲು ಎಡೆಮಾಡಿಕೊಡುವ ದೋಷಗಳು ಫೋಟೊಶಾಪ್‌ನಲ್ಲೂ ಆಗಾಗ ಪತ್ತೆಯಾಗಿವೆ. ಅವುಗಳಿಗೆ ಮದ್ದು ಬರುವುದು ಅಪ್‌ಡೇಟ್ ರೂಪದಲ್ಲೇ. ಗ್ರಾಹಕರು ಪೆನ್‌ಡ್ರೈವ್‌ನಲ್ಲಿ ತಂದುಕೊಡುವ ಕಡತಗಳನ್ನು ದಿನವಿಡೀ ತೆರೆಯುವ ಅಂಗಡಿಗೆ ಈ ಅಪಾಯ ಸಣ್ಣದಲ್ಲ. ಬೇಕಾಗಿರುವುದು ಅಪ್‌ಡೇಟ್‌ನ ನಿರಾಕರಣೆಯಲ್ಲ, ಅದರ ವೇಳೆಯ ಮೇಲೆ ಬಳಕೆದಾರನಿಗೆ ಹಿಡಿತ.

ಇದರ ಪಾಠವನ್ನು ಜಗತ್ತು ಕಲಿತದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳುಹಿಸಿದ ಒಂದು ದೋಷಪೂರಿತ ಅಪ್‌ಡೇಟ್, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಅದಾದ ಬಳಿಕ ಆ ಸಂಸ್ಥೆ ಅಪ್‌ಡೇಟ್‌ಗಳನ್ನು ಹಂತಹಂತವಾಗಿ ಬಿಡುವುದಾಗಿಯೂ, ಯಾವಾಗ ಸ್ವೀಕರಿಸಬೇಕೆಂಬ ಆಯ್ಕೆಯನ್ನು ಗ್ರಾಹಕರಿಗೆ ಹೆಚ್ಚಾಗಿ ಕೊಡುವುದಾಗಿಯೂ ಹೇಳಿತು. ವಿಮಾನಗಳು ನಿಂತಾಗ ದೊರೆತ ಈ ಭರವಸೆ, ಮೂಲೆಯ ಸ್ಟುಡಿಯೋ ನಿಂತಾಗ ದೊರೆಯುವುದಿಲ್ಲ ಎಂಬುದೇ ಸಮಸ್ಯೆ.

ಕಾನೂನು ಏನನ್ನುತ್ತದೆ?

ತಂತ್ರಾಂಶವನ್ನು ಅಳವಡಿಸುವಾಗ ನಾವು ಓದದೆ ಒಪ್ಪುವ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಮಾತು ಇದ್ದೇ ಇರುತ್ತದೆ. ತಂತ್ರಾಂಶವನ್ನು ಇದ್ದದ್ದು ಇದ್ದ ಹಾಗೆ ಕೊಡಲಾಗಿದೆ, ಅದರಿಂದಾಗುವ ನಷ್ಟಕ್ಕೆ ಹೊಣೆ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ ಎಂಬುದೇ ಅದರ ಸಾರ.

ಐರೋಪ್ಯ ಒಕ್ಕೂಟ ಇದಕ್ಕೆ ಲಗಾಮು ಹಾಕಲು ಹೊರಟಿದೆ. ಡಿಜಿಟಲ್ ಸರಕು ಮತ್ತು ಸೇವೆಗಳ ಕುರಿತ ಅದರ 2019ರ ನಿರ್ದೇಶನ 2022ರ ಜನವರಿಯಿಂದ ಅನ್ವಯವಾಗಿದೆ. ಮಾರಾಟಗಾರ ಮಾಡಿದ ಬದಲಾವಣೆಯಿಂದ ಬಳಕೆಗೆ ಗಣನೀಯ ಧಕ್ಕೆಯಾದರೆ, ಗ್ರಾಹಕ 30 ದಿನಗಳೊಳಗೆ ಶುಲ್ಕವಿಲ್ಲದೆ ಕರಾರು ರದ್ದುಪಡಿಸಬಹುದು. ಹೆಚ್ಚುವರಿ ವೆಚ್ಚವಿಲ್ಲದೆ ಹಳೆಯ ಸ್ವರೂಪವನ್ನೇ ಉಳಿಸಿಕೊಳ್ಳಲು ಅವಕಾಶ ಕೊಟ್ಟ ಕಂಪನಿಗೆ ಮಾತ್ರ ಇದರಿಂದ ವಿನಾಯಿತಿ. ಹಣದ ಬದಲು ತನ್ನ ಖಾಸಗಿ ಮಾಹಿತಿಯನ್ನು ಕೊಟ್ಟು ಸೇವೆ ಪಡೆಯುವವನೂ ಈ ನಿರ್ದೇಶನದ ವ್ಯಾಪ್ತಿಗೆ ಬರುತ್ತಾನೆ. 2024ರಲ್ಲಿ ಅಂಗೀಕಾರವಾದ ಉತ್ಪನ್ನ ಹೊಣೆಗಾರಿಕೆಯ ಹೊಸ ನಿರ್ದೇಶನವು ತಂತ್ರಾಂಶವನ್ನೂ ಉತ್ಪನ್ನವೆಂದು ಪರಿಗಣಿಸುತ್ತದೆ. ದತ್ತಾಂಶ ನಾಶವಾದರೆ ಅದೂ ಪರಿಹಾರಕ್ಕೆ ಅರ್ಹವಾದ ಹಾನಿ ಎನ್ನುತ್ತದೆ. 2026ರ ಡಿಸೆಂಬರ್ 9ರ ನಂತರ ಮಾರುಕಟ್ಟೆಗೆ ಬರುವ ಉತ್ಪನ್ನಗಳಿಗೆ ಇದು ಅನ್ವಯ. ಆದರೆ ವೃತ್ತಿಗಾಗಿ ಬಳಸಿದ ದತ್ತಾಂಶವನ್ನು ಅದು ಹೊರಗಿಟ್ಟಿದೆ.

ನಮ್ಮಲ್ಲಿ ಸ್ಥಿತಿ ಬೇರೆ. ಡಬ್ಬಿಯಲ್ಲಿ ಮಾರುವ ತಂತ್ರಾಂಶವೂ ಸರಕೇ ಎಂದು ಸುಪ್ರೀಂ ಕೋರ್ಟ್ 2004ರಲ್ಲಿ, ಮಾರಾಟ ತೆರಿಗೆಯ ಪ್ರಕರಣವೊಂದರಲ್ಲಿ ಹೇಳಿತ್ತು. ಡಬ್ಬಿಯೇ ಹೋದ ಮೇಲೆ ಆ ಆಸರೆ ಸಡಿಲವಾಯಿತು. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ ಉತ್ಪನ್ನ ಹೊಣೆಗಾರಿಕೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದರೂ, ಉತ್ಪನ್ನದ ವ್ಯಾಖ್ಯೆಯಲ್ಲಿ ತಂತ್ರಾಂಶದ ಹೆಸರಿಲ್ಲ. ಶುಲ್ಕವಿಲ್ಲದೆ ಒದಗಿಸುವ ಸೇವೆಯನ್ನು ಅದು ಸೇವೆಯೆಂದೇ ಎಣಿಸುವುದಿಲ್ಲ. ಅಂದರೆ 2020ರ ಆ ಆಗಸ್ಟ್‌ನಲ್ಲಿ ಉಚಿತ ಲೈಟ್‌ರೂಮ್‌ನಿಂದ ಚಿತ್ರ ಕಳೆದುಕೊಂಡ ಭಾರತೀಯನಿಗೆ ಗ್ರಾಹಕ ಆಯೋಗದ ಬಾಗಿಲು ತೆರೆಯುವುದು ಕಷ್ಟ.

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿಲ್ಲ. ವ್ಯಾಪಾರೋದ್ದೇಶದ ಖರೀದಿದಾರ ಗ್ರಾಹಕನಲ್ಲ ಎನ್ನುವ ಇದೇ ಕಾಯ್ದೆ, ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದು ಕೊಂಡದ್ದನ್ನು ವ್ಯಾಪಾರೋದ್ದೇಶವೆಂದು ಎಣಿಸುವುದಿಲ್ಲ. ಒಬ್ಬಂಟಿಯಾಗಿ ದುಡಿಯುವ, ಚಂದಾ ಕಟ್ಟಿದ ಛಾಯಾಗ್ರಾಹಕ ಸೇವಾ ನ್ಯೂನತೆಯ ದೂರು ಕೊಡಲು ಇದು ಆಧಾರವಾಗಬಲ್ಲದು. ಗ್ರಾಹಕನ ಹಕ್ಕಿಗೆ ತೀವ್ರ ಧಕ್ಕೆ ತರುವ ಏಕಪಕ್ಷೀಯ ಕರಾರಿನ ಷರತ್ತುಗಳನ್ನು ಅಸಿಂಧುವೆಂದು ಸಾರುವ ಅಧಿಕಾರವನ್ನು ಕಾಯ್ದೆಯು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಕೊಟ್ಟಿದೆ. ದೂರು ಕೊಡಬಯಸುವವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಅದಕ್ಕೆ ಮೊದಲು ಆವೃತ್ತಿಯ ಸಂಖ್ಯೆ, ಅಪ್‌ಡೇಟ್ ಆದ ದಿನ, ದೋಷದ ಪರದೆಯ ಚಿತ್ರ, ಚಂದಾ ರಸೀದಿ ಇವಿಷ್ಟನ್ನು ತೆಗೆದಿಟ್ಟಿರಬೇಕು.

ಎರಡೂ ಕಡೆಯ ಕಾನೂನುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕೊರತೆ ಸ್ಪಷ್ಟವಾಗುತ್ತದೆ. ಅಲ್ಲಿ ಮನೆಮಂದಿಯ ಚಿತ್ರ ಕಳೆದುಕೊಂಡ ಹವ್ಯಾಸಿಗೆ ರಕ್ಷಣೆ, ವೃತ್ತಿಯವನಿಗೆ ಇಲ್ಲ. ಇಲ್ಲಿ ಸ್ವಂತ ದುಡಿಮೆಯವನಿಗೆ ಸಣ್ಣ ಕಿಂಡಿ, ಉಚಿತ ಬಳಕೆದಾರನಿಗೆ ಅದೂ ಇಲ್ಲ. ಕಳೆದುಹೋದ ಚಿತ್ರದ ದೃಷ್ಟಿಯಿಂದ ನೋಡಿದರೆ ಈ ಭೇದಗಳಿಗೆ ಅರ್ಥವೇ ಇಲ್ಲ.

ಆದ್ದರಿಂದ ನಮ್ಮ ಶಾಸನಕರ್ತರು ಮೂರು ಸಂಗತಿಗಳನ್ನು ಪರಿಗಣಿಸಬೇಕು. ತಂತ್ರಾಂಶವನ್ನು ಉತ್ಪನ್ನವೆಂದು ಕಾಯ್ದೆಯಲ್ಲಿ ಹೆಸರಿಸಬೇಕು. ದತ್ತಾಂಶದ ನಾಶವನ್ನು, ಸೇವೆ ಉಚಿತವಾಗಿರಲಿ ಇಲ್ಲದಿರಲಿ, ಹಾನಿಯೆಂದು ಒಪ್ಪಬೇಕು. ಪ್ರತಿ ಪ್ರಮುಖ ಅಪ್‌ಡೇಟ್ ಜೊತೆಗೂ, ಮಾಡಿದ ಕೆಲಸ ಕಳೆಯದಂತೆ ಹಿಂದಕ್ಕೆ ಮರಳುವ ದಾರಿಯನ್ನು ನಿಗದಿತ ಅವಧಿಯವರೆಗೆ ತೆರೆದಿಡುವುದನ್ನು ಕಡ್ಡಾಯಗೊಳಿಸಬೇಕು. ಇವುಗಳಲ್ಲಿ ಮೂರನೆಯದು ಅಸಾಧ್ಯವೇನಲ್ಲ. ಬಳಕೆದಾರರ ಒತ್ತಾಯಕ್ಕೆ ಮಣಿದು ಒಂದೇ ತಿಂಗಳಲ್ಲಿ ಹಳೆಯ ಪರದೆಯನ್ನು ಮರಳಿಸಬಹುದು ಎಂಬುದನ್ನು 2015ರಲ್ಲಿ ಅಡೋಬಿಯೇ ತೋರಿಸಿಕೊಟ್ಟಿದೆ.

ಅಲ್ಲಿಯತನಕ ಎಚ್ಚರಿಕೆಯ ಭಾರ ನಮ್ಮ ಹೆಗಲ ಮೇಲೇ ಇದೆ. ಅಪ್‌ಡೇಟ್ ಗುಂಡಿ ಒತ್ತುವ ಮುನ್ನ ಬ್ಯಾಕಪ್ ಡಿಸ್ಕ್ ಎಲ್ಲಿದೆ, ಅದರಲ್ಲಿರುವ ಒಂದೆರಡು ಚಿತ್ರಗಳು ನಿಜಕ್ಕೂ ತೆರೆಯುತ್ತವೆಯೇ ಎಂದು ನೋಡಿಕೊಳ್ಳುವುದಕ್ಕೆ ಹತ್ತು ನಿಮಿಷ ಸಾಕು.